ಕರಿಮುಸುಕಿನ ವೀರನ ಮೂರನೇ ಸಂಪುಟ

ನನ್ನ ಸೋದರಮಾವ ಪುಸ್ತಕಗಳಿಗೆ ಬೈಂಡ್ ಹಾಕುವವನು. ಅರವತ್ತು ದಾಟಿದರೂ ಅವನ ತಲೆಯಿಂದ ಕರಿಮುಸುಕಿನ ವೀರ ಇಳಿದಿಲ್ಲ. ಅವನೂ ಅವನ ಅಕ್ಕನೂ, ಎಂದರೆ ನನ್ನ ಅಮ್ಮ, ಚಿಕ್ಕವರಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದ ಚಿತ್ರಕಥೆ ಅದು. ಕಪ್ಪು, ಕೆಂಪು, ಎರಡೇ ಬಣ್ಣ. ಕೆಂಪು ಯಾವತ್ತೂ ಗೆರೆಯೊಳಗೆ ನಿಂತದ್ದಿಲ್ಲ. ವೀರನ ತುಟಿಯ ಬಣ್ಣ ಗಲ್ಲಕ್ಕೆ ಇಳಿದಿರುತ್ತಿತ್ತು. ಮಾವನಿಗೆ ಅದೇ ಚೆಂದ. ಓಡುವ ರೈಲಿನ ಮೇಲೆ ಖಳನ ದವಡೆಗೆ ಬಿದ್ದ ಒಂದು ಗುದ್ದನ್ನು ಚಿತ್ರಗಾರ ಮೂರು ಚೌಕಕ್ಕೆ ಹೇಗೆ ಎಳೆದಿದ್ದಾನೆ ಎಂದು ವಿವರಿಸಲು ಕೂತನೆಂದರೆ ಎದುರಿನವರ ಟೀ ಆರಿಹೋಗುತ್ತದೆ. ಎಲ್ಲ ಸಂಚಿಕೆಗಳನ್ನೂ ಐದು ಸಂಪುಟ ಮಾಡಿ ತಾನೇ ಹೊಲಿದಿಟ್ಟಿದ್ದಾನೆ. ಕೈ ತೊಳೆಯದೆ ಮುಟ್ಟಿದರೆ ಮೈಮೇಲೆ ಬೀಳುತ್ತಾನೆ.

ಅಮ್ಮನದು ಒಂದೇ ಹೆಗ್ಗಳಿಕೆ. ಹದಿಮೂರನೇ ವಯಸ್ಸಿನಲ್ಲಿ ಅವಳು ಬರೆದ ಪತ್ರ ಆ ಚಿತ್ರಕಥೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತಂತೆ. ಮಾವನ ಸಂಪುಟಗಳಲ್ಲಿ ಅಂಥ ಪುಟವೇ ಇರಲಿಲ್ಲ. ಅಪ್ಪ ಅದನ್ನು ಬುರುಡೆ ಎನ್ನುತ್ತಿದ್ದರು. ಮನೆಗೆ ಯಾರು ಬಂದರೂ ಅಮ್ಮನನ್ನು ಲೇಖಕಿ ಎಂದು ಪರಿಚಯಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ನಾನಂತೂ ಎಲ್ಲರಿಗಿಂತ ಜೋರಾಗಿ. ಸಾಕ್ಷಿಗೆ ಕರೆದರೆ ಮಾವ ತನಗೆ ನೆನಪಿಲ್ಲ ಎಂದು ತಾನೂ ನಕ್ಕುಬಿಡುತ್ತಿದ್ದ.

ಹೋದ ಭಾನುವಾರ ಮಾವ ಊಟಕ್ಕೆ ಬಂದಿದ್ದಾಗ ಅಪ್ಪ ಮತ್ತೆ ಅದನ್ನೇ ಎತ್ತಿದರು. ಅಮ್ಮ ಸುಮ್ಮನೆ ಬಿಡುವವಳಲ್ಲ, ತಿರುಗಿ ಕೊಡುವವಳು. ಅವತ್ತು ಮಾತ್ರ ನೀರಿನ ಲೋಟ ತುಂಬಿಸುತ್ತಾ ಹೇಳಿದಳು:

"ಬಿಡಿ, ನಾನೇ ಕನಸು ಕಂಡಿದ್ದೆನೋ ಏನೋ. ಈಗೀಗ ನನಗೂ ಹಾಗೇ ಅನ್ಸತ್ತೆ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಹೊಟ್ಟೆ ಸರಿಯಿಲ್ಲ ಎಂದು ಎದ್ದು ಹೋದ.

ಮರುದಿನ ಸಂಜೆ ಬಂದಾಗ ಅವನ ಕಂಕುಳಲ್ಲಿ ಮೂರನೇ ಸಂಪುಟವಿತ್ತು. ಪುಸ್ತಕದ ಬೆನ್ನು ಸೀಳಿಹೋಗಿ ಹಾಳೆಗಳು ಸಡಿಲವಾಗಿದ್ದವು. ಅಮ್ಮನ ಮುಂದೆ ಎರಡು ಕಾಗದದ ಪಟ್ಟಿ ಇಟ್ಟ.

ಸಂಚಿಕೆಗಳನ್ನು ಸೇರಿಸಿ ಹೊಲಿಯುವಾಗ ಜಾಹೀರಾತಿನ ಪುಟ, ಓದುಗರ ಪತ್ರದ ಪುಟಗಳನ್ನು ಕಿತ್ತು, ಕಥೆಯಷ್ಟನ್ನೇ ಉಳಿಸುವುದು ಅವನು ಹುಡುಗನಾಗಿ ಕೆಲಸ ಕಲಿತ ಅಂಗಡಿಯ ರೂಢಿ. ಕಿತ್ತದ್ದನ್ನು ಎಸೆಯುವುದಿಲ್ಲ; ಪಟ್ಟಿ ಕತ್ತರಿಸಿ ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಒಳಗೆ ಅಂಟಿಸುತ್ತಾರೆ. ಅಕ್ಕನ ಪತ್ರಕ್ಕೂ ಅವನು ಅದನ್ನೇ ಮಾಡಿದ್ದ. ಅದು ಕೈತಪ್ಪಿ ಆದದ್ದಲ್ಲ. ತನ್ನ ವೀರನನ್ನು ಅವಳು ಅಚ್ಚಿನಲ್ಲಿ ಆಡಿಕೊಂಡಿದ್ದಾಳೆ ಎಂಬ ಸಿಟ್ಟು. ಆಮೇಲೆ ಹೇಳಲು ನಾಚಿಕೆ, ವರ್ಷ ಕಳೆದಂತೆ ಇನ್ನೂ ನಾಚಿಕೆ. ಆ ದಿನ ಬೆಳಗಿನಿಂದ ಒದ್ದೆ ಬಟ್ಟೆಯಿಟ್ಟು ಅಂಟು ನೆನೆಸಿ, ಬ್ಲೇಡಿನಿಂದ ಎಬ್ಬಿಸಿ ತಂದಿದ್ದ.

"ಗೊತ್ತಿದ್ದೇ ಮಾಡಿದೆ, ಅಕ್ಕ," ಎಂದ.

ಅಮ್ಮ ಕನ್ನಡಕ ಹಾಕಿಕೊಂಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಓದಿದಳು. 'ವೀರ ಬಂದು ಬಿಡಿಸಲೆಂದು ಕಥೆಯ ಆ ಹುಡುಗಿ ಪ್ರತಿ ವಾರ ಕಟ್ಟಿಸಿಕೊಂಡು ಕೂರುವುದೇ ಆಯಿತು. ಅವಳಿಗೂ ಗಂಟು ಬಿಚ್ಚಲು ಕಲಿಸಿ.' ಕೆಳಗೆ ಅವಳ ಹೆಸರು. ಕೊನೆಯ ಅಕ್ಷರ ಮಾವನ ಕತ್ತರಿಗೆ ಹೋಗಿತ್ತು. ಅವಳು ಆ ಹೆಸರಿನ ಮೇಲೆ ಬೆರಳಿಟ್ಟಳು.

"ಹರಿದಿದ್ದಕ್ಕೆ ನಂಗೇನೂ ಬೇಜಾರಿಲ್ವೋ, ಹುಡುಗುಬುದ್ಧಿ," ಎಂದಳು. "ಇವರೆಲ್ಲ ನಗೋವಾಗ ನೀನೂ ನಗ್ತಿದ್ದೆಯಲ್ಲೋ."

ಮಾವ ಸಂಪುಟದ ಸಡಿಲ ಹಾಳೆಗಳನ್ನು ಒಟ್ಟುಮಾಡತೊಡಗಿದ. ಅಪ್ಪ ಏನೋ ಹುಡುಕುವ ನೆಪದಲ್ಲಿ ಒಳಗೆ ಹೋದರು. ನನಗೆ ಅಂಥ ನೆಪವೂ ಹೊಳೆಯಲಿಲ್ಲ. ಅಮ್ಮನ ಮುಖ ನೋಡಲಾಗದೆ ಅಲ್ಲೇ ನಿಂತಿದ್ದೆ.