ಬ್ಲ್ಯಾಕ್ ಫಾರೆಸ್ಟ್‌ಗೆ ಮೊದಲಿನ ಇಳಿಜಾರು

ಗೆಳೆಯರೇ, ಇವತ್ತು ಸ್ವೀಡನ್ನಿನ ಗೋಥೆನ್‌ಬರ್ಗಿನ ಹೊರಗಿನ ಕಾಡಿನ ಇಳಿಜಾರಿನಲ್ಲಿ ನನ್ನ ಹೊಸ ಸೈಕಲ್ಲಿನ ಬ್ರೇಕ್ ಹಿಡಿಯಲೇ ಇಲ್ಲ. ಮುಂದಿನ ವಾರ ಗೆಳೆಯ ಎರಿಕ್ ಜೊತೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನ ಜಲ್ಲಿ ದಾರಿಗಳನ್ನು ಸುತ್ತಬೇಕು. ಇದು ಅದರ ಅಭ್ಯಾಸ. ಎರಡೂ ಬ್ರೇಕ್ ಒತ್ತಿ ಹಿಡಿದರೂ ಸೈಕಲ್ ಓಡುತ್ತಲೇ ಇತ್ತು. ಕೊನೆಗೆ ಬ್ಲೂಬೆರಿ ಪೊದೆಗೆ ನುಗ್ಗಿ ಬಿದ್ದೆ.

ಎರಿಕ್ ಓಡಿಬಂದು ಚಕ್ರದ ನಡುವೆ ಬ್ರೇಕ್ ಕಚ್ಚುವ ಡಿಸ್ಕ್ ಮುಟ್ಟಿದ. ಬೆರಳೆಲ್ಲ ಕೆಂಪು. "ರಕ್ತ!" ಎಂದು ಬಿಳಿಚಿಕೊಂಡ. ನಾನು ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.

ಇದೇ ಊರಲ್ಲಿರುವ, ನಿನ್ನೆ ಸೈಕಲ್ಲಿಗೆ ಪೂಜೆ ಮಾಡಿದ್ದ ದೊಡ್ಡಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

"ದೊಡ್ಡಮ್ಮ, ಚಕ್ರದ ಡಿಸ್ಕಿಗೆ ಕುಂಕುಮ ಹಚ್ಚಿದ್ರಾ?"

"ಹೂಂ ಕಣೇ, ದುಂಡಗೆ ಹೊಳೀತಿತ್ತು. ಉದುರಬಾರದು ಅಂತ ಎಣ್ಣೇಲಿ ಕಲಸಿ ಎರಡು ಚಕ್ರಕ್ಕೂ ಹಚ್ಚಿದೆ. ಯಾಕೆ?"

"ಬ್ರೇಕ್ ಹಿಡೀಲಿಲ್ಲ. ಬಿದ್ದುಬಿಟ್ಟೆ."

"ಅಯ್ಯೋ! ಪೆಟ್ಟಾಯ್ತಾ?"

"ಇಲ್ಲ."

"ನೋಡಿದ್ಯಾ, ಪೂಜೆ ಮಾಡಿದ್ದಕ್ಕೇ! ಸಂಜೆ ಊಟಕ್ಕೆ ಬರುವಾಗ ಆ ಹುಡುಗನ ಸೈಕಲ್ಲೂ ತರೋಕೆ ಹೇಳು."

ಫೋನ್ ಇಟ್ಟೆ. ಅವರು ಏನೆಂದರು ಎಂದು ಎರಿಕ್ ಕೇಳಿದ.

"ಊಟಕ್ಕೆ ಕರೆದಿದ್ದಾರೆ. ನಡೆದುಕೊಂಡೇ ಬರಬೇಕಂತೆ," ಎಂದೆ.