ಬೀದಿಗೆ ಬಿದ್ದ ಹೆಸರನ್ನು ಹೆಕ್ಕುವ ಕತ್ತರಿ ಖಾಲಾ

ಬೆಳಗಿನ ಐದೂಮುಕ್ಕಾಲು. ನಿನ್ನೆ ಈದ್ ಮಿಲಾದ್ ಮೆರವಣಿಗೆ ಹಾದುಹೋದ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರೇ. ಒಬ್ಬರು ಪೊರಕೆಯನ್ನು ಪಕ್ಕಕ್ಕಿಟ್ಟು ಅಂಗಡಿ ಮೆಟ್ಟಿಲ ಮೇಲೆ ಕೂತ ಪೌರಕಾರ್ಮಿಕರು. ಇನ್ನೊಬ್ಬರು ಸೊಂಟ ಬಗ್ಗಿಸಿ ಚರಂಡಿಯಂಚಿನಿಂದ ಅಂಗೈಯಗಲದ ಹಸಿರು ಕಾಗದವೊಂದನ್ನು ಎತ್ತುತ್ತಿರುವ ಅರವತ್ತೆಂಟರ ಹೆಂಗಸು. ಕಾಗದದ ಮೇಲೆ ಪ್ರವಾದಿಯವರ ಹೆಸರಿದೆ. ಅದನ್ನು ಸೆರಗಿನಲ್ಲಿ ಒರೆಸಿ ಬಟ್ಟೆಚೀಲಕ್ಕೆ ಹಾಕಿ, "ನೂರಾ ಹನ್ನೆರಡು" ಎನ್ನುತ್ತಾರೆ.

"ಇವರು ಮುಗಿಸೋವರೆಗೂ ನಾನು ಪೊರಕೆ ಮುಟ್ಟಲ್ಲ ಸಾರ್. ಒಂದ್ಸಲ ಮುಟ್ಟಿ ಚೆನ್ನಾಗಿ ಬೈಸ್ಕೊಂಡಿದೀನಿ," ಎಂದು ಪೌರಕಾರ್ಮಿಕರು ನಗುತ್ತಾರೆ. ಆ ಹೆಂಗಸು ನನ್ನ ಬೂಟಿನ ಕಡೆಗೂ ಒಮ್ಮೆ ನೋಡುತ್ತಾರೆ. ನಾನು ಮೆತ್ತಗೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಬಡಾವಣೆಗೆಲ್ಲ ಇವರು ಕತ್ತರಿ ಖಾಲಾ, ಅಂದರೆ ಕತ್ತರಿ ಚಿಕ್ಕಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಕಾಗದ ಕತ್ತರಿಸಿ, ಮೈದಾ ಅಂಟು ಹಚ್ಚಿ, ದಾರಕ್ಕೆ ಸಾಲಾಗಿ ಅಂಟಿಸಿ ಪತಾಕೆ ಮಾಡುವುದು ಮೂವತ್ತೊಂದು ವರ್ಷದ ಕಸುಬು. ದಿನಕ್ಕೆ ನಾನೂರು ಪತಾಕೆ, ಕಣ್ಣು ಮುಚ್ಚಿದರೂ ಒಂದು ನೂಲಿನಷ್ಟು ಹೆಚ್ಚುಕಡಿಮೆಯಿಲ್ಲ.

ಮಿಲಾದ್ ಪತಾಕೆಗೆ ಹೆಸರಿನ ಅಚ್ಚು ಒತ್ತುವುದನ್ನು ಇಲ್ಲಿ ಶುರು ಮಾಡಿದ್ದೂ ಇವರೇ. "ಎಲ್ರೂ ಭೇಷ್ ಅಂದ್ರು, ನಾನು ಹಿಗ್ಗಿ ಹೀರೇಕಾಯಿ ಆದೆ. ಮಾರನೇ ದಿನ ಹಾಲಿಗೆ ಹೋದ್ರೆ ಆ ಹೆಸರಿನ ಮೇಲೆ ಚಪ್ಪಲಿ ಗುರುತು! ಜೀವ ಬಾಯಿಗೆ ಬಂತು. ಒತ್ತಿದ್ದು ನನ್ನ ಕೈ ಅಲ್ವಾ?"

ಅಂದೇ ಅಚ್ಚನ್ನು ಮೂಲೆಗೆ ಹಾಕಿದರು. ಆದರೆ ಅಷ್ಟರಲ್ಲಿ ಜನಕ್ಕೆ ರುಚಿ ಹತ್ತಿತ್ತು, ಪ್ರೆಸ್ಸಿನವರು ಸಾವಿರಗಟ್ಟಲೆ ಒತ್ತತೊಡಗಿದರು. ಹತ್ತೊಂಬತ್ತು ವರ್ಷದಿಂದ ಖಾಲಾ ಮೆರವಣಿಗೆಯ ಹಿಂದೆಯೂ ಮಾರನೆಯ ಬೆಳಿಗ್ಗೆಯೂ ಬಿದ್ದದ್ದನ್ನು ಹೆಕ್ಕುತ್ತಾರೆ. ನೀರಲ್ಲಿ ನೆನೆಸಿ, ಅಕ್ಷರ ಕರಗಿದ ಮೇಲೆ ಯಾರೂ ತುಳಿಯದ ಕಡೆ ಹೂಳುತ್ತಾರೆ. ಮಂಡಿನೋವು ಇದೆ, ಕೂತರೆ ಏಳುವುದು ಕಷ್ಟ. ಅದನ್ನು ಹೇಳಿದ್ದು ಅವರಲ್ಲ, ಪೌರಕಾರ್ಮಿಕರು.

ಮಿಲಾದ್ ಯಾಕೆ ಆಚರಿಸುತ್ತೀರಿ ಎಂದು ಕೇಳುತ್ತೇನೆ. "ಪ್ರವಾದಿಯವರು ಹುಟ್ಟಿದ್ದಕ್ಕೆ ಸಂತೋಷ. ಅವರು ಹೇಗೆ ಬಾಳಿದ್ರು ಅಂತ ಓದ್ತೀವಿ, ಸಲಾಂ ಹಾಡ್ತೀವಿ, ಹಸಿದವರಿಗೆ ಊಟ ಹಾಕ್ತೀವಿ. ಸೋಮವಾರ ಯಾಕೆ ಉಪವಾಸ ಮಾಡ್ತೀರಿ ಅಂತ ಯಾರೋ ಕೇಳಿದ್ದಕ್ಕೆ, ಅದು ನಾನು ಹುಟ್ಟಿದ ದಿನ ಅಂದ್ರಂತೆ ಅವರು." ಖಾಲಾರ ಅಣ್ಣ ಮಾತ್ರ, ಪ್ರವಾದಿಯವರ ಕಾಲದಲ್ಲಿ ಇದೆಲ್ಲ ಇರಲಿಲ್ಲವೆಂದು ಮೆರವಣಿಗೆಯ ಕಡೆ ತಲೆಹಾಕುವುದಿಲ್ಲ. "ಅವನ ಮನಸ್ಸು ಅವನಿಗೆ. ಹೆಸರು ಕಾಲಡಿಗೆ ಬೀಳಬಾರದು ಅನ್ನೋದ್ರಲ್ಲಿ ನಾವಿಬ್ರೂ ಒಂದೇ."

ಮೆರವಣಿಗೆ ಸಮಿತಿಗೆ ಅವರದು ಒಂದೇ ಬೇಡಿಕೆ: ಹೆಸರು ಮಸೀದಿ ಬಾಗಿಲ ದೊಡ್ಡ ಬಾವುಟದಲ್ಲಿರಲಿ, ಉದುರುವ ಕಾಗದದಲ್ಲಿ ಬೇಡ. "ಹೆಸರಿಲ್ಲದ ಪತಾಕೆ ಕಟ್ಟಿ ಏನು ಚೆಂದ ಖಾಲಾ?" ಎಂದು ಸಮಿತಿಯ ಕಾರ್ಯದರ್ಶಿ ಮೂರು ವರ್ಷದಿಂದ ಸಾಗಹಾಕುತ್ತಿದ್ದಾರೆ.

ನಾವು ಖಾಲಾರ ಮನೆ ಸೇರಿ ಚಹಾ ಕುಡಿಯುವಾಗ ಅದೇ ಕಾರ್ಯದರ್ಶಿ, ಪತಾಕೆ ಕಟ್ಟಲು ಒಯ್ದಿದ್ದ ಏಣಿ ಹಿಂದಿರುಗಿಸಲು ಬರುತ್ತಾರೆ. ಅವರು ಹೊಸ್ತಿಲಾಚೆ ಬಿಟ್ಟ ಚಪ್ಪಲಿಯೊಂದು ಮಗುಚಿಬೀಳುತ್ತದೆ. ಅದರ ಅಟ್ಟೆಗೆ ಹಸಿರು ಕಾಗದ ಅಂಟಿದೆ, ಹೆಸರಿನ ಸಮೇತ. ಆ ಮನುಷ್ಯ ಅಲ್ಲೇ ಕುಕ್ಕರಿಸುತ್ತಾರೆ. ಕಣ್ಣಲ್ಲಿ ನೀರು.

ಖಾಲಾ ಬೆರಳು ಒದ್ದೆ ಮಾಡಿಕೊಂಡು, ಹರಿಯದ ಹಾಗೆ ಕಾಗದ ಬಿಡಿಸುತ್ತಾರೆ. "ಬೇಕಂತ ಮಾಡಿದ್ದಲ್ಲ ಮಗಾ. ಅಳಬೇಡ. ನಾನೂ ಬೇಕಂತ ಮಾಡಿರಲಿಲ್ಲ." ಗೆದ್ದೆನೆಂಬ ಭಾವ ಅವರ ದನಿಯಲ್ಲಿ ಹುಡುಕಿದರೂ ಸಿಗದು. ನನಗೆ ಅವರ ಮೇಲೆ ಗೌರವ ಉಕ್ಕಿದ್ದು ಆ ಗಳಿಗೆಯಲ್ಲಿ.

"ಬರೋ ವರ್ಷ ಬರೀ ಹಸಿರು ಕಾಗದ," ಎನ್ನುತ್ತಾರೆ ಕಾರ್ಯದರ್ಶಿ, ಕಣ್ಣೊರೆಸಿಕೊಂಡು. "ನೀವೇ ಕತ್ತರಿಸಿಕೊಡಿ. ಸಮಿತಿಗೆ ನಾನು ಹೇಳ್ತೀನಿ."

ಅವರು ಹೋದ ಮೇಲೆ, ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಖಾಲಾ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಮೆರವಣಿಗೆ ನೋಡ್ಬೇಕು. ಇಷ್ಟು ವರ್ಷ ನೆಲ ನೋಡ್ಕೊಂಡೇ ನಡೆದಿದೀನಿ. ಬರೋ ಸಲ ಒಂದಿನ ತಲೆ ಎತ್ಕೊಂಡು ನಡೀಬೇಕು."