ಫಾರಂನಲ್ಲಿ ಸತ್ತ ಗಂಡ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನಲ್ಲಿ ಒಂದು ವರ್ಷ ದೇವರ ಸೇವೆ ಮಾಡಿದೆ. ಹಾಗಂತ ಅಲ್ಲಿಯವರು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹೋಗಿದ್ದು ಟೈಪ್‌ರೈಟರಿನ ಆಸೆಗೆ. ಬಿ.ಎ. ಮುಗಿದಿತ್ತು, ಟೈಪಿಂಗ್ ಪರೀಕ್ಷೆಗೆ ಕಟ್ಟಿದ್ದೆ, ಮನೆಯಲ್ಲಿ ಗಂಡು ನೋಡುತ್ತಿದ್ದರು. ಬಾಡಿಗೆ ಮನೆಯೊಂದರಲ್ಲಿ ಕ್ರೈಸ್ತರ ಪ್ರಾರ್ಥನಾ ಮಂದಿರವಿತ್ತು. ಅದರ ಮುಂದಿನ ಕೋಣೆಯಲ್ಲೇ ಬಡವರಿಗೆ ನೆರವಾಗುವ ಸೇವಾ ಸಂಘ. ಅವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವವರು ಬೇಕಿತ್ತು, ಸಂಬಳವಿಲ್ಲ, ಮಷಿನ್ ಮಾತ್ರ ಎಷ್ಟು ಬೇಕಾದರೂ ಕುಟ್ಟಬಹುದು. ಲಿಂಗಾಯತರ ಹುಡುಗಿ ಅಲ್ಲಿಗೆ ಹೋಗೋದೇನು ಅಂತ ಅವ್ವ ತಕರಾರು ತೆಗೆದಳು. ಮಷಿನ್‌ಗೆ ಜಾತಿ ಇಲ್ಲ ಬಿಡು ಅಂದರು ಅಪ್ಪ.

ಸಂಘವನ್ನು ನಡೆಸುತ್ತಿದ್ದವರು ಪಾಸ್ಟರ್ ಅವರ ಹೆಂಡತಿ. ಎಲ್ಲರೂ ಪಾಸ್ಟರಮ್ಮ ಅನ್ನುತ್ತಿದ್ದೆವು. ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಜ್ವರ ಬಂದವರ ಮನೆಗೆ ತಾವೇ ಗಂಜಿ ಒಯ್ಯುತ್ತಿದ್ದರು, ಒಯ್ಯುವಾಗ ಓಣಿಗೆಲ್ಲ ಕಾಣುವಂತೆ ಒಯ್ಯುತ್ತಿದ್ದರು, ಅಷ್ಟೇ. ಬಡವರು ಹೇಗಿರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಲೆ ನುಣ್ಣಗೆ ಬಾಚಿರಬಾರದು, ದನಿ ಸಣ್ಣಗಿರಬೇಕು, ಕೊಟ್ಟ ಚಹಾಕ್ಕೆ ಸಕ್ಕರೆ ಕಡಿಮೆ ಆಯಿತು ಅನ್ನಬಾರದು.

ಹೊಸಹಳ್ಳಿಯಿಂದ ಬಂದ ಹೆಂಗಸು ಮೊದಲ ದಿನವೇ ಸಕ್ಕರೆ ಕೇಳಿದಳು.

ಮೂವತ್ತರ ಹತ್ತಿರದವಳು, ಇಬ್ಬರು ಹೆಣ್ಣುಮಕ್ಕಳು. ಹೊರದೇಶದವರು ಬಡ ಹೆಂಗಸರಿಗೆ ಹೊಲಿಗೆ ಮಷಿನ್ ಕೊಡಿಸುತ್ತಾರಂತೆ ಅಂತ ಕೇಳಿಕೊಂಡು ಬಂದಿದ್ದಳು. ಗಂಡ ಮಂಗಳೂರು ಕಡೆ ದುಡಿಯೋಕೆ ಅಂತ ಹೋದವನು ಮೂರು ವರ್ಷವಾದರೂ ತಿರುಗಿ ನೋಡಿರಲಿಲ್ಲ. ಹೊರದೇಶದಿಂದಲೇ ಬಂದ ಫಾರಂನಲ್ಲಿ ವಿಧವೆ, ಅಂಗವಿಕಲೆ, ಅನಾಥೆ ಅಂತ ಮೂರೇ ಕಾಲಂ ಇದ್ದವು. ನಾನು ಪೆನ್ನು ಹಿಡಿದು ಪಾಸ್ಟರಮ್ಮನ ಮುಖ ನೋಡಿದೆ. ಅವರು ವಿಧವೆ ಅಂತ ಹಾಕು ಅಂದರು.

"ಅವ ಸತ್ತಿಲ್ರಿ. ಓಡಿ ಹೋಗ್ಯಾನ," ಅಂದಳು ಆಕೆ.

"ಓಡಿ ಹೋದೋರಿಗೆ ಇದರಾಗ ಜಾಗ ಇಲ್ಲಮ್ಮ," ಅಂದರು ಪಾಸ್ಟರಮ್ಮ.

ನಾನು ಟಿಕ್ ಹಾಕಿದೆ. ಅಷ್ಟಕ್ಕೇ ಅವನು ಸತ್ತ.

ಹದಿನೈದು ದಿನಕ್ಕೆ ಫೋಟೋ ತೆಗೆಯಲು ಬೆಂಗಳೂರಿನ ಆಫೀಸಿನಿಂದ ಒಬ್ಬರು ಬಂದರು, ಮಧ್ಯಾಹ್ನದ ಬಸ್ಸಿಗೆ ಅವರು ಹೊರಡಬೇಕಿತ್ತು. ಹೊಸಹಳ್ಳಿಯ ಹೆಂಗಸು ಸರಿಯಾದ ಹೊತ್ತಿಗೇ ಬಂದಳು. ಆದರೆ ಹೇಗೆ ಬಂದಳು! ಮದುವೆಯ ಇಳಕಲ್ ಸೀರೆ, ಕೈ ತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ. ಕಿವಿಯಲ್ಲಿ ಬೆಂಡೋಲೆ ಬೇರೆ, ಅದು ಪಕ್ಕದ ಮನೆಯವರದ್ದಂತೆ. ಪಾಸ್ಟರಮ್ಮ ಬಾಗಿಲಲ್ಲೇ ಕೂತುಬಿಟ್ಟರು. ದಾನ ಕೊಡುವವರು ಇದನ್ನು ನೋಡಿದರೆ ನಮಗೇ ಒಂದು ಮಷಿನ್ ಕಳಿಸಮ್ಮ ಅಂತ ಅವಳಿಗೆ ಕಾಗದ ಬರೆದಾರು.

ಹಳೆ ಸೀರೆ ಉಟ್ಟು ಬಾ ಅಂದರು. ಊರಿಗೆ ಹೋಗಿ ಬರೋದರಾಗ ಸಂಜಿ ಆಗ್ತೈತಿ ಅಂದಳು. ಕೊನೆಗೆ ಪಾಸ್ಟರಮ್ಮ ಒಳಗಿನಿಂದ ಒದ್ದೆ ಬಟ್ಟೆ ತಂದು, ಸ್ವಲ್ಪ ಹೊತ್ತಿಗೆ ಕುಂಕುಮ ಅಳಿಸಿಕೋ, ಬಳೆ ತೆಗೆದಿಡು ಅಂದರು. ಅಲ್ಲಿಯವರೆಗೆ ನಗುತ್ತಿದ್ದ ಹೆಂಗಸು ನಗುವುದನ್ನು ನಿಲ್ಲಿಸಿದಳು. ಒದ್ದೆ ಬಟ್ಟೆಯನ್ನು ತೆಗೆದುಕೊಂಡು ನೀಟಾಗಿ ಮಡಚಿ ಕಿಟಕಿಯ ಮೇಲಿಟ್ಟಳು.

"ನಿಮ್ಮ ಮಷಿನ್ ನೀವ ಇಟ್ಕೊಳ್ರಿ. ಅವ ಎಲ್ಲೇ ಇರಲಿ, ನನ್ನ ಕೈಲೆ ಅವನ್ನ ಸಾಯಿಸಬ್ಯಾಡ್ರಿ."

ಹೊರಟೇಹೋದಳು.

ಫೋಟೋದವರು ಗಡಿಯಾರ ನೋಡಿಕೊಂಡರು. ಮಷಿನ್ ಮಂಜೂರಾಗಿತ್ತು, ಫೋಟೋ ಇಲ್ಲದಿದ್ದರೆ ವಾಪಸ್ಸು ಹೋಗುತ್ತಿತ್ತು. ಆಗ ಪಾಸ್ಟರಮ್ಮನ ಕಣ್ಣು ನನ್ನ ಮೇಲೆ ಬಿತ್ತು. ಕಾಲೇಜಿಗೆ ಉಟ್ಟು ಉಟ್ಟು ಬಣ್ಣ ಬಿಟ್ಟ ಸೀರೆಯಲ್ಲಿದ್ದೆ ನಾನು. ಹಣೆಯ ಸ್ಟಿಕರ್ ಅವರೇ ಕಿತ್ತರು, ಸೆರಗು ತಲೆಯ ಮೇಲೆ ಎಳೆದರು. ಇನ್ನೇನು ಬದಲಿಸಬೇಕು ಅಂತ ನಾನು ಕೇಳಿದೆ. ಏನೂ ಬೇಡ, ಹೀಗೇ ಸರಿಯಾಗಿದೆ ಅಂದರು ಫೋಟೋದವರು. ಬಡವರಿಗೆ ಕಾಗದ ಬರೆದುಕೊಡುವವಳು ಅಂತ ನನಗಿದ್ದ ಜಂಬ ಆ ಒಂದು ಮಾತಿಗೆ ಇಳಿಯಿತು. ಮದುವೆಗೆ ಮುಂಚೆಯೇ ನಾನು ಎರಡು ಮಕ್ಕಳ ವಿಧವೆಯಾದೆ. ಅವ್ವನಿಗೆ ಹೇಳಲಿಲ್ಲ.

ಪಾಸ್ಟರಮ್ಮನ ಬಗ್ಗೆ ಇದೊಂದನ್ನು ಹೇಳಲೇಬೇಕು. ಮಷಿನ್ ಬಂದ ದಿನವೇ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ತಾವೇ ಹೊಸಹಳ್ಳಿಗೆ ಒಯ್ದು ಆಕೆಯ ಕಟ್ಟೆಯ ಮೇಲೆ ಇಳಿಸಿ ಬಂದರು. ಜೊತೆಗೆ ನಾನೂ ಹೋಗಿದ್ದೆ. ಅಲ್ಲೇ ಪ್ರಾರ್ಥನೆಯೂ ಆಯಿತು, ಸಾಕಷ್ಟು ಉದ್ದವಾಗಿಯೇ ಆಯಿತು. ಆಕೆ ಅದು ಮುಗಿಯುವವರೆಗೆ ಕಾದು, ನಮಗೆ ಚಹಾ ಕೊಟ್ಟಳು. ಸಕ್ಕರೆ ಪಾಕದಂತಿತ್ತು.

ಆರು ತಿಂಗಳಿಗೆ ಹೊರದೇಶದ ದಾನಿ ಹೆಂಗಸಿನ ಕಾಗದ ಬಂತು. ನಿನ್ನ ಕಣ್ಣಿನಲ್ಲಿ ದುಃಖ ಕಂಡೆ, ತೀರಿಹೋದ ನಿನ್ನ ಗಂಡನಿಗಾಗಿ ದಿನವೂ ಪ್ರಾರ್ಥಿಸುತ್ತೇನೆ ಅಂತ ಬರೆದಿದ್ದರು. ನನಗೆ ಬಂದ ಸಾಂತ್ವನಕ್ಕೆ ನಾನೇ ಕೂತು ಧನ್ಯವಾದ ಟೈಪ್ ಮಾಡಿದೆ.

ಆ ಪ್ರಾರ್ಥನೆಯ ಬಲವೋ, ಹೆಂಡತಿ ಹೊಲಿಗೆ ಹಾಕಿ ನಾಲ್ಕು ಕಾಸು ಕಾಣುತ್ತಿದ್ದಾಳೆ ಎಂಬ ಸುದ್ದಿಯ ಬಲವೋ, ಒಂದು ಭಾನುವಾರ ಅವನೇ ಬಂದ. ಸಭೆ ನಡೆಯುವಾಗ ಹೆಂಡತಿಯ ಹಿಂದೆ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತ. ಮಷಿನ್ ಕೊಟ್ಟವರಿಗೆ ನಮಸ್ಕಾರ ಮಾಡಲಿ ಅಂತ ಆಕೆಯೇ ಕರೆತಂದಿದ್ದಳು. ಸತ್ತವನು ಎದ್ದು ಬಂದ ಅಂತ ಪಾಸ್ಟರ್ ಪ್ರತಿ ವರ್ಷ ಈಸ್ಟರಿಗೆ ಹೇಳುತ್ತಿದ್ದ ಮಾತು ಕಣ್ಣೆದುರಿಗೇ ನಡೆದಿತ್ತು, ಆದರೆ ಪಾಸ್ಟರಮ್ಮನ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

ಮರುದಿನ ನನ್ನನ್ನು ಕೂರಿಸಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಆಕೆ ಮರುಮದುವೆ ಆಗಿದ್ದಾಳೆ ಅಂತ ದಾನಿಗೆ ಬರಿ ಅಂದರು. ಬರೆದೆ. ಎರಡು ತಿಂಗಳಿಗೆ ಮದುವೆಯ ಉಡುಗೊರೆ ಬಂತು, ಅಂಚಿಗೆ ಲೇಸ್ ಹಚ್ಚಿದ ಬಿಳಿ ಮೇಜುಬಟ್ಟೆ. ನನಗಿನ್ನೂ ಮನೆಯಲ್ಲಿ ಗಂಡು ನೋಡುತ್ತಲೇ ಇದ್ದರು.

ಅದನ್ನು ಹೊಸಹಳ್ಳಿಗೆ ತಲುಪಿಸಲು ನಾನೇ ಹೋದೆ. ಅವಳ ಗಂಡ ಕಟ್ಟೆಯ ಮೇಲೆ ಕೂತು ರವಿಕೆಗಳಿಗೆ ಗುಂಡಿ ಹಚ್ಚುತ್ತಿದ್ದ, ಆಕೆ ಒಳಗಿನಿಂದಲೇ ಅವನಿಗೆ ಕೆಲಸ ಹೇಳುತ್ತಿದ್ದಳು. ನನಗೆ ತಡೆಯಲಾಗದೆ ಫೋಟೋ, ಕಾಗದ, ಮರುಮದುವೆ ಎಲ್ಲವನ್ನೂ ಹೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಆಕೆ ನಗಲಿಲ್ಲ. ಮೇಜುಬಟ್ಟೆಯನ್ನು ಬೆಳಕಿಗೆ ಹಿಡಿದು ಲೇಸನ್ನು ನೋಡುತ್ತ ಕೇಳಿದಳು:

"ಫೋಟೋದಾಗ ಮಾರಿ ನಿಮ್ದು, ಗಂಡ ಸತ್ತೋನು, ಲಗ್ನ ಸುಳ್ಳು. ನನ್ನ ಹೆಸರಾದ್ರೂ ಸರಿಯಾಗಿ ಬರ್ದೀರೇನ್ರಿ?"

ಹೆಸರು ಸರಿಯಾಗಿಯೇ ಬರೆದಿದ್ದೆ. ಹೌದು ಅಂತ ಗೋಣು ಹಾಕಿದೆ. ಆಕೆ ಮೇಜುಬಟ್ಟೆಯನ್ನು ನೆಲಕ್ಕೆ ಹಾಸಿ, ಮಕ್ಕಳಿಗೆ ಎರಡು ಲಂಗ ಆಗುತ್ತವೆಯೋ ಅಂತ ಗೇಣಿನಿಂದ ಅಳೆಯತೊಡಗಿದಳು.